ನಿಂತು ತೋರಿಸಬೇಕಾದ ಕಾಲು

ಇಸ್ತ್ರಿಯವನು ಇಪ್ಪತ್ತೆಂಟು ವರ್ಷ ಒಂದೇ ಮೇಜಿನ ಮುಂದೆ ನಿಂತಿದ್ದ. ಆವಿ ಏಳುವಾಗ ಅಂಗಿಗಳು ಉಸಿರು ತುಂಬಿಕೊಂಡು ತೋಳು ಚಾಚುತ್ತಿದ್ದವು. ಊರಿನ ಅರ್ಧ ಜನ ಅವನಿಗೆ ಹಾಗೆ, ದೇಹವಿಲ್ಲದೆಯೇ ಪರಿಚಯ. ಯಾವ ತೋಳು ದಿನವಿಡೀ ಮೇಜಿಗೆ ಒರಗುತ್ತದೆ, ಯಾವ ಕಾಲರು ಯಾರನ್ನೋ ಮೆಚ್ಚಿಸಲು ಹೊರಟಿದೆ ಎಂದು ಬಟ್ಟೆ ಮುಟ್ಟಿ ಹೇಳಬಲ್ಲ. ತನ್ನ ಎಡಗಾಲಿನ ಮೇಲೆ ಉಬ್ಬಿದ ನರಗಳು ಬಳ್ಳಿಯಂತೆ ಸುತ್ತಿ ಏರಿದ್ದನ್ನು ಮಾತ್ರ ಕಂಡೂ ಕಾಣದಂತಿದ್ದ.

ಸಂಜೆಯಾದರೆ ಕಾಲು ಬಾತು ಕಲ್ಲಾಗುತ್ತಿತ್ತು. ವೈದ್ಯರು ಸ್ಕ್ಯಾನಿಗೆ ಚೀಟಿ ಬರೆದಾಗ ಹುಟ್ಟಿದ್ದು ಒಂದೇ ಭಯ: ಇನ್ನು ನಿಲ್ಲಬೇಡ ಎಂದುಬಿಟ್ಟರೆ? ಅವನಿಗೆ ಬೇರೆ ಕೆಲಸ ಬಾರದು.

ಅದಕ್ಕೇ ಸ್ಕ್ಯಾನಿನ ಹಿಂದಿನ ದಿನ ಅಂಗಡಿ ಮುಚ್ಚಿ, ನಾಲ್ಕು ದಿಂಬಿನ ಮೇಲೆ ಕಾಲೇರಿಸಿ ಮಲಗಿದ.

“ಏನ್ರೀ ಇದು, ಪರೀಕ್ಷೆಗೆ ಕಾಪಿ ಹೊಡೀತಿದ್ದೀರಾ?” ಎಂದಳು ಹೆಂಡತಿ.

“ಸುಮ್ನಿರೇ. ಪಾಸಾದ್ರೆ ಸಾಕು.”

ಬೆಳಿಗ್ಗೆ ಕಾಲು ಕೂಸಿನ ಕಾಲಿನಷ್ಟು ಮೆತ್ತಗಿತ್ತು. ಸ್ಕ್ಯಾನ್ ಡಾಕ್ಟರಮ್ಮ ಪಾದದ ಗಂಟಿನ ಬಳಿಯ ಕಂದು ಕಲೆಯನ್ನು ಬೆರಳಿನಿಂದ ಸವರಿ ನಕ್ಕರು.

“ನಿನ್ನೆ ರಜಾನಾ ಅಣ್ಣಾ? ಊತ ಇಳಿಸ್ಕೊಂಡು ಬಂದಿದ್ದೀರಿ. ಊದಿ ಊದಿ ಆಗಿರೋ ಈ ಕಲೆ ನಿಜ ಹೇಳ್ತಾ ಇದೆ ನೋಡಿ. ಹೋಗಿ, ದಿನಾ ನಿಲ್ಲೋಷ್ಟು ನಿಂತು ಸಂಜೆ ಬನ್ನಿ.”

ಸಿಕ್ಕಿಬಿದ್ದ ಕಳ್ಳನಂತೆ ಹೋದವನು ಐದು ಗಂಟೆಗೆ ಕಾಲೆಳೆದುಕೊಂಡು ಬಂದ. ಮಬ್ಬು ಬೆಳಕಿನ ಕೋಣೆಯಲ್ಲಿ ಅವನನ್ನು ಗಿಡ್ಡ ಸ್ಟೂಲಿನ ಮೇಲೆ ನಿಲ್ಲಿಸಿದರು.

“ಭಾರ ಎಲ್ಲಾ ಬಲಗಾಲಿಗೆ ಬಿಡಿ. ಮಲಗಿದ್ರೆ ರಕ್ತ ಸಾಧು ಥರ ಇರುತ್ತೆ, ನಿಂತಾಗ್ಲೇ ಅದರ ಬಣ್ಣ ಬಯಲಾಗೋದು.”

ತಣ್ಣನೆಯ ಜೆಲ್ ಸವರಿ, ತೊಡೆಯ ಒಳಬದಿಗೆ ಯಂತ್ರದ ಹಿಡಿ ಒತ್ತಿ, ಮೀನಖಂಡ ಹಿಂಡಿದರು. ಪರದೆಯಲ್ಲಿ ನೀಲಿ ಚಿಮ್ಮಿತು. ಯಂತ್ರದಿಂದ ಗಾಳಿಯಂಥ ಸದ್ದೊಂದು ಮೇಲೇರಿತು. ಕೈ ಸಡಿಲಿಸಿದರು. ನೀಲಿ ಕೆಂಪಾಯಿತು, ಅದೇ ಗಾಳಿ ಈಗ ಇಳಿಜಾರಿನಲ್ಲಿ ಆತುರವಿಲ್ಲದೆ, ಉದ್ದಕ್ಕೂ ಇಳಿಯಿತು.

“ಇದು ನಾನಾ?”

“ನೀವೇ. ನೀಲಿ ಮೇಲೇರೋ ರಕ್ತ, ಕೆಂಪು ವಾಪಸ್ ಬೀಳೋ ರಕ್ತ. ರಕ್ತ ಹಿಂದಕ್ಕೆ ಬೀಳದ ಹಾಗೆ ನಾಳದಲ್ಲಿ ಪುಟ್ಟ ಬಾಗಿಲುಗಳಿರ್ತವೆ. ನಿಮ್ಮದು ಇಲ್ಲಿ ಮುಚ್ತಾ ಇಲ್ಲ.”

ಆಮೇಲೆ ಆಳದ ನಾಳಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಎಲ್ಲವೂ ಮೆತ್ತಗೆ ಚಪ್ಪಟೆಯಾದವು. ರಕ್ತ ಎಲ್ಲೂ ಹೆಪ್ಪುಗಟ್ಟಿರಲಿಲ್ಲ.

ಅವನು ಸ್ಟೂಲಿನ ಮೇಲಿಂದಲೇ ಕೇಳಿದ. “ಮೇಜು ಬಿಡ್ಬೇಕಾ, ತಾಯಿ?”

“ಯಾಕೆ ಬಿಡ್ತೀರಿ? ಕೆಟ್ಟಿರೋದು ಚರ್ಮದ ಕೆಳಗಿನ ಒಂದು ನಾಳ. ಆ ನಾಳವನ್ನೇ ಪೂರ್ತಿ ಮುಚ್ಚಿಸಬಹುದು, ರಕ್ತ ಆಳದ ನಾಳಗಳಲ್ಲಿ ಹೋಗುತ್ತೆ. ಬಿಗಿ ಕಾಲುಚೀಲ ಹಾಕ್ಕೊಳ್ಳಿ, ಆಗಾಗ ನಾಲ್ಕು ಹೆಜ್ಜೆ ಓಡಾಡಿ. ಇಳೀರಿ ಇನ್ನ.”

ಅವನು ಇಳಿಯಲಿಲ್ಲ.

“ಇನ್ನೊಂದ್ಸಲ ಹಿಂಡ್ತೀರಾ?”

ಅವರು ಹಿಂಡಿದರು. ಕಣ್ಣು ಮುಚ್ಚಿಕೊಂಡು, ತನ್ನೊಳಗಿನ ಗಾಳಿ ಹತ್ತುವುದನ್ನೂ ದಾರಿ ತಪ್ಪಿ ಇಳಿಯುವುದನ್ನೂ ಅವನು ನಿಂತೇ ಕೇಳಿದ.