ಎದೆ ಭಾಗ, ಒಂದೇ ತುಂಡು

"ನಿಮ್ಮ ಅಡುಗೆಮನೆಯಲ್ಲಿ ನಾನು ಬೀಫ್ ಮಾಡಬಹುದಾ?"

ಶೋಶಾನಾ ಹೀಗೆ ಕೇಳಿದಾಗ ನಮ್ಮತ್ತೆ ಪಕ್ಕದಲ್ಲೇ ಕೂತು ಪಿತೃಪಕ್ಷದ ಎಡೆಗೆ ಅಕ್ಕಿ ಆರಿಸುತ್ತಿದ್ದರು. ಇಂಗ್ಲಿಷ್ ಬಾರದ ಅತ್ತೆ ದೇವರು ಕೊಟ್ಟ ವರ ಅಂತ ನನಗನ್ನಿಸಿದ್ದು ಅವತ್ತೇ.

ಶೋಶಾನಾ ಅಮೆರಿಕದ ಯೆಹೂದಿ ಹೆಂಗಸು, ಐವತ್ತರ ಆಸುಪಾಸು. ಪಾವಗಡದ ಕಡೆ ಕಡಲೆಕಾಯಿ ಬೆಳೆ ಬಗ್ಗೆ ರಿಸರ್ಚ್ ಮಾಡಲು ಬಂದವರು, ಮಧುಗಿರಿಯ ನಮ್ಮ ಮನೆ ಮಹಡಿಯಲ್ಲಿ ಬಾಡಿಗೆಗಿದ್ದಾರೆ. ಆ ಸಲ ಅವರ ಹೊಸ ವರ್ಷ ಶುರುವಾಗುತ್ತಿದ್ದದ್ದು ನಮ್ಮ ಮಹಾಲಯ ಅಮಾವಾಸ್ಯೆಯ ಸಂಜೆಗೆ. ಆ ಊಟಕ್ಕೆ ದನದ ಎದೆಮಾಂಸವನ್ನು ರಾಶಿ ಈರುಳ್ಳಿ ಹಾಕಿ, ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೇಯಿಸಬೇಕಂತೆ. ಪ್ರತಿವರ್ಷ ಅವರಮ್ಮ ಮಾಡುತ್ತಿದ್ದರಂತೆ. ಆ ಅಮ್ಮ ಬೇಸಿಗೆಯಲ್ಲಿ ತೀರಿಕೊಂಡಿದ್ದರು.

ಹೇಗೆ ಬೇಡ ಅನ್ನಲಿ? "ಕಾನೂನು ಒಪ್ಪಲ್ಲ" ಅಂದೆ. (ಕಾನೂನನ್ನಾದರೂ ಒಪ್ಪಿಸಬಹುದು, ನಮ್ಮತ್ತೆಯನ್ನಲ್ಲ.) ಕೊನೆಗೆ ಕುರಿ ಎದೆಗೆ ರಾಜಿಯಾಯಿತು.

ಅಲ್ಲೂ ತೊಡಕು. ಅಮಾವಾಸ್ಯೆ ದಿನವೇ ಗಾಂಧಿ ಜಯಂತಿ. ಮಟನ್ ಅಂಗಡಿ ಬಂದ್! ಹಿರಿಯರಿಗೆ ಎಡೆ ಇಡುವ ಅರ್ಧ ಊರು ಹಿಂದಿನ ದಿನವೇ ಕ್ಯೂನಲ್ಲಿತ್ತು. ನಾವಿಬ್ಬರೂ ನಿಂತೆವು.

"ಎದೆ ಭಾಗ, ಒಂದೇ ತುಂಡು. ಕಡಿಯಬಾರದು" ಅಂದೆ ಅಂಗಡಿಯ ಬಷೀರಣ್ಣನಿಗೆ.

"ಕಡೀದೆ ಹೆಂಗ್ ಕೊಡ್ಲಿ ಮೇಡಂ?"

ಆದರೂ ಎದೆ ಬಿಡಿಸಿ ಕೊರಡಿನ ಮೇಲಿಟ್ಟ. ಶೋಶಾನಾ ಕಡೆ ನೋಡಿ ನಕ್ಕ. ನಗುತ್ತಲೇ ಟಕ ಟಕ ಟಕ. ಹದಿನಾರು ಚೂರು! "ಸಾರಿ ಮೇಡಂ, ಕೈ ಮಾತು ಕೇಳ್ಲಿಲ್ಲ." ಎರಡನೇ ಕುರಿಗೂ ಅದೇ ಗತಿ. ಮೂರನೆಯದು ಬಂದಾಗ ಕ್ಯೂನಲ್ಲಿದ್ದ ಮೇಷ್ಟ್ರೊಬ್ಬರು ಅವನ ಕೈಯಿಂದ ಮಚ್ಚು ಇಸಿದುಕೊಂಡು ನಿಂತರು. ಹಿಂದಿನಿಂದ ಯಾರೋ ಕೂಗಿದರು: "ಒಂದೇ ಪೀಸ್ ಯಾಕಂತೆ ಕಣ್ಲಾ? ಅಂಗಿ ಹೊಲಿಸ್ಕಳಾಕಾ?"

ಅಮಾವಾಸ್ಯೆ ಮಧ್ಯಾಹ್ನ ಒಂದು ಒಲೆಯಲ್ಲಿ ಅತ್ತೆಯ ಸಾರು, ಇನ್ನೊಂದರಲ್ಲಿ ಶೋಶಾನಾ ಪಾತ್ರೆ. ಅತ್ತೆಯ ಸಾರು ಆಗಿ, ಆರಿ, ಮತ್ತೆ ಬಿಸಿಯಾದರೂ ಇವರದು ಇನ್ನೂ ಕುದಿಯುತ್ತಲೇ ಇತ್ತು.

"ಕುಕ್ಕರ್ ಯಾತಕ್ಕೈತೆ? ನಾಕು ಕೂಗು ಕೂಗ್ಸಿ ಬುಡು ಅನ್ನು" ಅಂದರು ಅತ್ತೆ. "ಖಾರ ಹಾಕಿದ್ಲಾ?"

"ಹಾಕಲ್ವಂತೆ."

"ತೆಂಗಿನಕಾಯಿ?"

"ಅದೂ ಇಲ್ವಂತೆ."

"ಹಂಗಾರೆ ಯಾರಿಗೆ ಉಷಾರಿಲ್ಲಂತೆ?"

ಅಂತೂ ಬೆಂದಿತು. ಶೋಶಾನಾ ಒಂದು ಚೂರು ಬಾಯಿಗಿಟ್ಟುಕೊಂಡರು. ಸ್ಟೂಲ್ ಮೇಲೆ ಕುಸಿದು ಕೂತರು. "ಅಮ್ಮನ ರುಚಿ ಬರಲಿಲ್ಲ. ಅಳತೆ ಕೇಳಿದಾಗೆಲ್ಲ, ನೋಡಿದ್ರೆ ಗೊತ್ತಾಗುತ್ತೆ ಅಂತಿದ್ದಳು. ನಾನು ಸರಿಯಾಗಿ ನೋಡಲೇ ಇಲ್ಲ." ಅಳು ಬಂದುಬಿಟ್ಟಿತು.

ಇದು ಅವರಮ್ಮ ಮಾಡುತ್ತಿದ್ದ ಅಡುಗೆ ಅಂತ ಮೊದಲೇ ಹೇಳಿದ್ದೆ; ಅತ್ತೆ ಅನುವಾದಕ್ಕೆ ಕಾಯಲಿಲ್ಲ. "ಅವರವ್ವ ಹೋಗಿದ್ದು ಈ ವರ್ಷನಾ? ಹೆಸರೇನಂತೆ?"

"ರೂತ್."

ನಮ್ಮ ಮಾವನ ಎಡೆಯ ಪಕ್ಕ ಇನ್ನೊಂದು ಎಲೆ ಬಿತ್ತು. ನನಗೆ ಗಾಬರಿ. "ಅತ್ತೆ, ಅವರ ಧರ್ಮದಲ್ಲಿ ಎಡೆ ಇಡೋ ಪದ್ಧತಿ ಇಲ್ಲ!"

"ಹಸಿವು ಐತೋ ಇಲ್ವೋ?"

ಇದನ್ನು ಶೋಶಾನಾಗೆ ವಿವರಿಸಿದೆ. ಅವರು ಎದ್ದು, ದಪ್ಪನೆಯ ಒಂದು ತುಂಡು ಕೊಯ್ದು, ಮೇಲೆ ಈರುಳ್ಳಿ ಹರವಿ ಆ ಖಾಲಿ ಎಲೆಗೆ ತಾವೇ ಬಡಿಸಿದರು. ಹೊತ್ತು ಮುಳುಗುವ ಮುಂಚೆ ತಮ್ಮ ಹಬ್ಬದ ಎರಡು ಕ್ಯಾಂಡಲ್ ಅಲ್ಲೇ ಹಚ್ಚಿದರು.

ಎಡೆ ಇಟ್ಟಮೇಲೆ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿ ಎಲ್ಲರೂ ಹೊರಗೆ ಬರಬೇಕು. ಬಂದೆವು. ಪಡಸಾಲೆಯಲ್ಲಿ ಮೂವರೂ ನಿಂತೆವು. ಶೋಶಾನಾ ಅತ್ತೆಯ ಕೈ ಹಿಡಿದಿದ್ದರು.

ಇದ್ದಕ್ಕಿದ್ದಂತೆ ಅತ್ತೆಯ ಮುಖದಲ್ಲಿ ಆತಂಕ. ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು:

"ನಿಮ್ಮಾವಂಗೆ ಇಂಗ್ಲೀಷ್ ಬರಾಕಿಲ್ಲ, ರೂತಮ್ಮಂಗೆ ಕನ್ನಡ ಬರಾಕಿಲ್ಲ. ಒಳಗೆ ಉಪ್ಪು ಬೇಕಾದ್ರೆ ಆಯಮ್ಮ ಹೆಂಗೆ ಕೇಳ್ತಾಳೆ?"