ಪೂಜೆಗೆ ನಿಲ್ಲಿಸಿದ ಶೆಡ್ಯೂಲರ್

ಶಹಾಪುರದ ಕಚೇರಿಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿ ಅದು ನಾಲ್ಕನೇ ವರ್ಷ. ಮೇಲಿನ ಡ್ಯಾಮಿನಿಂದ ಕೃಷ್ಣೆಗೆ ನೀರು ಬಿಡುವ ಮೊದಲು ಸುರಪುರದ ಕಡೆಯ ದಂಡೆಯ ಊರುಗಳಿಗೆ ಮೊಬೈಲಿನಲ್ಲಿ ಎಚ್ಚರಿಕೆ ಕಳಿಸುತ್ತಿದ್ದೆವು. ನನ್ನ ಮನೆ ಗೋಗಿಯಲ್ಲಿ. ದಿನಾ ಆಟೋ ಹತ್ತಿ ಬಂದುಹೋಗುತ್ತಿದ್ದೆ.

ನೀರಿನ ಸೂಚನೆ, ಜನರ ನಂಬರು ಎಲ್ಲವೂ ಡೇಟಾಬೇಸ್‌ನ ಟೇಬಲ್‌ಗಳಲ್ಲಿ, ಅಂದರೆ ಪಟ್ಟಿಗಳಲ್ಲಿ, ಇರುತ್ತಿದ್ದವು. ಹತ್ತು ನಿಮಿಷಕ್ಕೊಮ್ಮೆ ಅವನ್ನು ನೋಡಿ ಮೆಸೇಜ್ ಹೊರಡಿಸುವುದು ಶೆಡ್ಯೂಲರ್ ಎಂಬ ಬೇರೆಯೇ ಪ್ರೋಗ್ರಾಂ. ಶಾಲೆಯ ಗೋಡೆಯ ಮೇಲೆ ಟೈಂಟೇಬಲ್ ಇದ್ದರೆ ಸಾಲದು, ಗಂಟೆ ಹೊಡೆಯುವವನೂ ಬೇಕಲ್ಲ, ಹಾಗೆ. ಅದಕ್ಕೆ ಬಟನ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ ಶುರು ಮಾಡಬೇಕು. ಇವೆಲ್ಲ ಓಡುವ ಸರ್ವರ್ ಯಂತ್ರ ಆನ್ ಆದಾಗ ತಾನೇ ಏಳುವಂತೆ ಜೋಡಿಸಿಡಬಹುದಿತ್ತು. ಒಂದು ಸಾಲಿನ ಕೆಲಸ. ನಾಳೆ ಮಾಡಿದರಾಯಿತು ಎನ್ನುತ್ತಲೇ ಎರಡು ವರ್ಷ ಕಳೆದೆ. ಅಷ್ಟು ದಿನ ಯಂತ್ರವೂ ನಿಂತಿರಲಿಲ್ಲ.

ಮೊದಲ ಮೆಸೇಜನ್ನು ಪರೀಕ್ಷಿಸಿದ್ದು ಮೀನು ಹಿಡಿಯುವ ಅಂಬಿಗರ ಮಲ್ಲಪ್ಪನ ಫೋನಿನಲ್ಲಿ. ಅವನ ಊರಿನ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದೆ. ಹಾಗಾದರೆ ಡಂಗುರ ಸಾರುವುದು ಬಿಡಬೇಕೇನು ಎಂದು ಅವನು ಕೇಳಿದ. ನನಗೆ ಆಗ ಜಂಬ.

“ಡಂಗುರ ಯಾಕ್ರಿ ಇನ್ನ? ಮೆಸೇಜ್ ಬರಲಿಲ್ಲಂದ್ರ ನೀರು ಬಿಟ್ಟಿಲ್ಲಂತ ತಿಳೀರಿ,” ಎಂದೆ.

ನಾನು ಸೇರಿದ ಆ ನಾಲ್ಕನೇ ವರ್ಷದ ಮಹಾನವಮಿ. ಕಚೇರಿಯಲ್ಲಿ ಆಯುಧ ಪೂಜೆ. ಜೀಪು, ಕೀಬೋರ್ಡು, ಕೊನೆಗೆ ಸ್ಟೇಪ್ಲರ್ ಕೂಡ ವಿಭೂತಿ ಹಚ್ಚಿಸಿಕೊಂಡು ಕೂತಿದ್ದವು. ಅಟೆಂಡರ್ ಶರಣಪ್ಪ ಸರ್ವರ್ ಯಂತ್ರಕ್ಕೂ ಹಾರ ತಂದಿದ್ದ. ಓಡುತ್ತಿರುವುದಕ್ಕೆ ಪೂಜೆ ನಡೆಯುವುದಿಲ್ಲ, ಒಂದು ತಾಸು ಬಂದ್ ಮಾಡಿರೆಂದ. ಬಂದ್ ಮಾಡಿದವಳು ನಾನೇ. ಆರತಿಯಾಯಿತು, ಕಾಯಿ ಒಡೆದರು, ಆನ್ ಮಾಡಿದವಳೂ ನಾನೇ. ಡೇಟಾಬೇಸ್ ತಾನೇ ಎದ್ದಿತು. ಟೇಬಲ್‌ಗಳು ತೆರೆದವು, ತಪ್ಪು ತೋರಿಸುವ ಕೆಂಪಕ್ಷರ ಎಲ್ಲಿಯೂ ಇಲ್ಲ. ಹೋಳಿಗೆ ಡಬ್ಬಿ ಹಿಡಿದು ಗೋಗಿಯ ಆಟೋ ಹತ್ತಿದೆ. ಶೆಡ್ಯೂಲರ್ ಎದ್ದಿರಲಿಲ್ಲ.

ಮರುದಿನ ಬನ್ನಿ ಹಬ್ಬ, ರಜೆ. ಒಂಬತ್ತು ದಿನ ಮೀನು ಮುಟ್ಟದವರು ನಾಳೆ ಕೇಳುತ್ತಾರೆಂದು ಮಲ್ಲಪ್ಪ ಬಲೆ ಬಿಡಲು ಹರಗೋಲಿನಲ್ಲಿ ಹೋಗಿದ್ದ. ಅವನು ಹೋಗುವ ಮೊದಲೇ ನೀರು ಬಿಡುವ ಸೂಚನೆ ಟೇಬಲ್‌ಗೆ ಬಂದು ಕೂತಿತ್ತು. ಅದನ್ನು ತೆಗೆದುಕೊಂಡು ಹೊರಡುವವರೇ ಇರಲಿಲ್ಲ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುತ್ತ ನಾನು ಮನೆಮನೆ ತಿರುಗುತ್ತಿದ್ದಾಗ ಶರಣಪ್ಪನ ಫೋನ್ ಬಂತು. ಹರಗೋಲು ಅಂದೇ ಸಿಕ್ಕಿತು. ಮಲ್ಲಪ್ಪ ಮೂರನೇ ದಿನ ಸಿಕ್ಕ.

ತಪ್ಪು ನನ್ನದೆಂದು ಹೇಳಲು ಅವನ ಮನೆಗೆ ಹೋದೆ. ಹೆಂಡತಿ ದೇವಮ್ಮ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅವನ ಫೋನನ್ನು ನನ್ನ ಕೈಗಿತ್ತಳು.

“ಮೆಸೇಜ್ ಬಂದಿಲ್ಲಂತ ಎರಡ್ ಸಲ ನೋಡೇ ಹೋಗ್ಯಾರ್ರಿ ಅಕ್ಕಾರ.”

ವಿಚಾರಣೆಯಲ್ಲಿ ಎಲ್ಲ ಒಪ್ಪಿಕೊಂಡೆ, ಯಾದಗಿರಿಗೆ ವರ್ಗವಾಯಿತು. ಹೋಗುವ ಮೊದಲು ಆ ಒಂದು ಸಾಲು ಬರೆದೆ. ಶೆಡ್ಯೂಲರ್‌ಗೆ ಇನ್ನೊಂದು ಕೆಲಸ ಕೂಡ ಸೇರಿಸಿದೆ: ನೀರು ಬಿಡದ ದಿನ ಮುಂಜಾನೆ ಆರಕ್ಕೆ ‘ಇಂದು ನೀರು ಬಿಡುವುದಿಲ್ಲ’ ಎಂಬ ಮೆಸೇಜ್. ಅದು ಬಾರದಿದ್ದರೆ ಯಾರೂ ಹೊಳೆಗೆ ಇಳಿಯಬಾರದೆಂದು ಅದೇ ಕಟ್ಟೆಯ ಮೇಲೆ ಕೂತು ಹೇಳಿ ಬಂದೆ. ಸುದ್ದಿ ಇಲ್ಲವೆಂದರೆ ಕ್ಷೇಮ ಎಂದುಕೊಳ್ಳಬಾರದು. ನನ್ನ ಇಡೀ ನೌಕರಿ ಕಲಿಸಿದ್ದು ಇಷ್ಟೇ, ಕಲಿಯಲು ಆದ ಖರ್ಚು ಒಂದು ಜೀವ.

ಈಗ ನಿವೃತ್ತಳು. ಬನ್ನಿ ಹಬ್ಬಕ್ಕೆ ಮನೆಮನೆ ತಿರುಗುವುದು ಅಂದಿಗೇ ಬಿಟ್ಟೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಮುಂಜಾನೆ ಆರು ದಾಟಿದ ಮೇಲೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಪರದೆಯ ಮೇಲೆ ಮಲ್ಲಪ್ಪನ ಹೆಸರು. ಅಳಿಸಲು ಕೈ ಬಂದಿಲ್ಲ. ಎತ್ತುತ್ತೇನೆ. ದೇವಮ್ಮನ ದನಿ.

“ಅಕ್ಕಾರ, ಇವತ್ತಿಂದು ಇನ್ನೂ ಬಂದಿಲ್ರಿ. ದಂಡಿಮ್ಯಾಲ ನಿಂತೀನಿ, ಯಾರನ್ನೂ ಇಳಿಯಾಕ ಬಿಟ್ಟಿಲ್ಲ.”