ಹನ್ನೆರಡು ತುಂಬಿದವಳಿಗೆ ಚಿಗಳಿ

"ಏನೇ ಇದು, ಗಂಡಸರನ್ನೆಲ್ಲ ಕರೆದಿದಾರೆ!"

ದುಬೈನ ಜುಮೇರಾ ಲೇಕ್ ಟವರ್ಸ್‌ನಲ್ಲಿ ನನ್ನ ಯೆಹೂದಿ ಸಹೋದ್ಯೋಗಿಯ ಫ್ಲ್ಯಾಟಿನ ಬಾಗಿಲಲ್ಲೇ ಅಮ್ಮ ನನ್ನ ಕೈ ಜಗ್ಗಿದರು. ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರಿಗೆ, ಆತನ ಮಗಳಿಗೆ ಹನ್ನೆರಡು ತುಂಬಿತು, ಅದಕ್ಕೊಂದು ಶಾಸ್ತ್ರವಿದೆ ಎಂದಷ್ಟೇ ಹೇಳಿದ್ದೆ. ಹುಡುಗಿ ಮೈನೆರೆದಿದ್ದಾಳೆಂದು ತಾವೇ ತೀರ್ಮಾನಿಸಿ, ಡಬ್ಬಿ ತುಂಬ ಎಳ್ಳು-ಬೆಲ್ಲದ ಚಿಗಳಿ ಕುಟ್ಟಿ ತಂದಿದ್ದರು.

ಹುಡುಗಿ ಇನ್ನು ಧರ್ಮದ ವಿಷಯದಲ್ಲಿ ದೊಡ್ಡವಳು ಎಂದು ಸಾರುವ ಶಾಸ್ತ್ರ ಇದೆಂದು ನಾನು ವಿವರಿಸುವ ಮೊದಲೇ ಹುಡುಗಿಯ ಅಪ್ಪ ಎದ್ದು ನಿಂತು ಮಾತು ಶುರುಮಾಡಿದ. "ಅಯ್ಯೋ, ಇದಕ್ಕೂ ಭಾಷಣಾನಾ!" ಎಂದು ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಹುಡುಗಿ ತಮ್ಮ ಧರ್ಮಗ್ರಂಥದ ಒಂದು ಭಾಗವನ್ನು ಹೀಬ್ರೂವಿನಲ್ಲಿ ಗಟ್ಟಿಯಾಗಿ ಓದಿದಳು. ಅದರಲ್ಲಿ ತನಗೆ ಒಪ್ಪಿಗೆಯಾಗದ್ದು ಯಾವುದೆಂದೂ ಹೇಳಿದಳು. ದೊಡ್ಡವರೆಲ್ಲ ತೆಪ್ಪಗೆ ಕೇಳಿದರು. ಅಮ್ಮನೂ ಸೆರಗು ಸರಿಸಿ ಕೇಳಿದರು. ಮುಗಿದದ್ದೇ ತಡ, ಎಲ್ಲರಿಗಿಂತ ಮೊದಲು ನುಗ್ಗಿ ಅವಳ ಬಾಯಿಗೆ ಚಿಗಳಿ ತುರುಕಿದರು. ಅವಳು ಅಗಿಯುತ್ತಲೇ ಇನ್ನೊಂದಕ್ಕೆ ಕೈ ಚಾಚಿದಳು.

ನನಗೆ ಆ ವಯಸ್ಸಾದಾಗ ಅಮ್ಮ ಇದೇ ಚಿಗಳಿ ತಿನ್ನಿಸಿ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದ್ದರು. ಈಗ ಸಮಾರಂಭ ಮುಗಿಸಿ ನನ್ನ ಮನೆಗೆ ಬಂದವರೇ ಅಮ್ಮ ಟೀಪಾಯಿ ಮೇಲಿದ್ದ ಪೇಪರನ್ನು ನನ್ನ ಕೈಗಿತ್ತು, "ತಗೋ, ನೀನೂ ಗಟ್ಟಿಯಾಗಿ ಓದು" ಎಂದರು. ತೆರೆದ ಪುಟದಲ್ಲಿ ಕೋಣೆಯಲ್ಲೊಂದು ಮಂಚದಷ್ಟು ಜಾಗ ಬಾಡಿಗೆಗಿದೆಯೆಂಬ ಜಾಹೀರಾತಿತ್ತು; ಅದನ್ನೇ ನಲವತ್ತರ ನಾನು ಓದಿದೆ: "ಬೆಡ್‌ಸ್ಪೇಸ್ ಖಾಲಿ ಇದೆ, ಬ್ಯಾಚುಲರ್‌ಗಳಿಗೆ ಮಾತ್ರ." ಅಮ್ಮ ಕೈಕಟ್ಟಿ ನಿಂತು ಪೂರ್ತಿ ಕೇಳಿದರು.